ಅರ್ಧ ಸುತ್ತಿನ ವ್ಯತ್ಯಾಸ

ಒಂಬತ್ತನೆಯದು ಸಿಕ್ಕಿತು ಎಂದು ಹೇಳಲು ಅವರಿಗೆ ಫೋನ್ ಮಾಡಿದೆ. ಎತ್ತಿದವರು ಅವರ ಹೆಂಡತಿ. "ಅವರು ಹೋಗಿ ಹದಿನೆಂಟು ದಿನ ಆಯ್ತಮ್ಮ" ಎಂದರು. ನಾನು ಚಂದಾಪುರದ ಒಂದು ಕಲ್ಯಾಣ ಮಂಟಪದ ಹಿಂಬಾಗಿಲಲ್ಲಿ, ರೇಷ್ಮೆ ಸೀರೆ ಉಟ್ಟು, ಕೈಯೆಲ್ಲ ಗ್ರೀಸು ಮೆತ್ತಿಕೊಂಡು ನಿಂತಿದ್ದೆ. ಒಳಗೆ ವಾಲಗ ಜೋರಾಗಿತ್ತು. ಅವರು ಇನ್ನೂ ಏನೋ ಹೇಳಿದರು, ಸರಿಯಾಗಿ ಕೇಳಿಸಲಿಲ್ಲ. ಭಾನುವಾರ ಮನೆಗೆ ಬರುತ್ತೇನೆ ಎಂದಷ್ಟೇ ಹೇಳಿ ಇಟ್ಟುಬಿಟ್ಟೆ.

ಒಂಬತ್ತನೆಯದು ಎಂದರೆ ನಿಂಬೆಹಣ್ಣಿನ ಗಾತ್ರದ ಒಂದು ಹಿತ್ತಾಳೆ ತುಂಡು. ಎರಡು ವರ್ಷದಿಂದ ಅವರ ನಿದ್ದೆ ಕೆಡಿಸಿದ್ದು ಅದೇ. ನಮ್ಮ ಕಸುಬಿನಲ್ಲಿ ಜನ ಒಬ್ಬರಿಗೊಬ್ಬರು ನೆನಪಾಗುವುದು ಏನಾದರೂ ಕೆಟ್ಟಾಗ ಮಾತ್ರ. ಒಳ್ಳೆಯ ಸುದ್ದಿ ಹೇಳಲು ನಾನು ಅವರಿಗೆ ಮಾಡಿದ ಮೊದಲ ಫೋನು ಅದು.

ನಾನು ಪೀಣ್ಯದ ಒಂದು ಕಾರ್ಖಾನೆಯ ಕ್ಯಾಂಟೀನು ನೋಡಿಕೊಳ್ಳುವವಳು. ಅಲ್ಲಿನ ಯಂತ್ರಗಳಿಗೆ ಅಲ್ಲಿ ಊಟ ಮಾಡುವ ಅರ್ಧ ಜನರಿಗಿಂತ ಹೆಚ್ಚು ವಯಸ್ಸಾಗಿದೆ. ಅನ್ನ ಬೇಯಿಸುವ ಹಬೆಯ ಪಾತ್ರೆ, ಹಿಟ್ಟು ರುಬ್ಬುವ ಗ್ರೈಂಡರು, ಚಪಾತಿ ಮಿಷಿನ್ನು, ಇಡ್ಲಿ ಪೆಟ್ಟಿಗೆ, ಎಲ್ಲವನ್ನೂ ಮಾಡಿದ ಕಂಪನಿಗಳು ಬಾಗಿಲು ಹಾಕಿ ಎಷ್ಟೋ ಕಾಲವಾಗಿದೆ. ಸೋಪಿನ ಪುಡಿ ಹಾಕಿ ಉಜ್ಜಿ ಉಜ್ಜಿ ಅವುಗಳ ಮೇಲಿನ ಹೆಸರಿನ ತಗಡೂ ನುಣ್ಣಗಾಗಿದೆ. ಹೊಸದು ಕೊಡಿಸಿ ಎಂದು ಕೇಳಿದರೆ ಮೇಲಿನವರು ಮುಂದಿನ ವರ್ಷ ಎನ್ನುತ್ತಾರೆ. ಮುಂದಿನ ವರ್ಷ ಎಂಬುದು ನಮ್ಮ ಅಡುಗೆಮನೆಗೆ ಈವರೆಗೆ ಬಂದಿಲ್ಲ. ಆದ್ದರಿಂದ ನಮಗೆಲ್ಲ ಅವರೇ ಗತಿಯಾಗಿದ್ದರು.

ಅವರನ್ನು ಎಲ್ಲ ಕ್ಯಾಂಟೀನುಗಳಲ್ಲೂ 'ಸ್ಪೇರ್ ಸಾರ್' ಎನ್ನುತ್ತಿದ್ದರು. ನನ್ನ ಫೋನಿನಲ್ಲೂ ಹಾಗೆಯೇ ಇತ್ತು. ಸರ್ಕಾರಿ ಕಾರ್ಖಾನೆಯೊಂದರ ಟೂಲ್ ರೂಮಿನಲ್ಲಿ ದುಡಿದು ಅವಧಿಗೆ ಮೊದಲೇ ನಿವೃತ್ತಿ ತೆಗೆದುಕೊಂಡು ಬಂದವರು. ಪೀಣ್ಯದ ಎರಡನೇ ಹಂತದಲ್ಲಿ ಒಂದು ಸಣ್ಣ ಶೆಡ್ಡು, ಒಂದು ಹಳೆಯ ಸ್ಕೂಟರು, ಇಸ್ತ್ರಿ ಮಾಡಿದ ಅರ್ಧತೋಳಿನ ಶರಟು. ಬೋರ್ಡಿಲ್ಲ, ವಿಸಿಟಿಂಗ್ ಕಾರ್ಡಿಲ್ಲ. ಎಲ್ಲಿ ಯಾವ ಹೋಟೆಲು ಮುಚ್ಚಿತು, ಯಾವ ಹಾಸ್ಟೆಲಿನ ಅಡುಗೆಮನೆ ಗುಜರಿಗೆ ಹೋಯಿತು ಎಂಬುದೆಲ್ಲ ಅವರಿಗೆ ತಿಳಿದಿರುತ್ತಿತ್ತು. ಅಲ್ಲಿಗೆ ಹೋಗಿ, ತೂಕಕ್ಕೆ ಬಿದ್ದ ಯಂತ್ರದಿಂದ ಇನ್ನೂ ಜೀವ ಇರುವುದನ್ನು ಬಿಚ್ಚಿ ತರುತ್ತಿದ್ದರು.

ಮೊದಲ ಸಲ ಅವರು ಬಂದಾಗ ನಾನು ತಲೆಕೆಟ್ಟು ಹೇಳಿದ್ದೆ, "ಈ ಗ್ರೈಂಡರಿಗೆ ವಯಸ್ಸಾಯ್ತು ಸಾರ್, ಬಿಸಾಕ್ಬೇಕು."

"ವಯಸ್ಸಾಗಿದೆ ಅನ್ಬೇಡಿ ಮೇಡಂ. ಅದರ ಜೊತೆಯವರು ಯಾರೂ ಇಲ್ಲ, ಅಷ್ಟೆ" ಎಂದರು. ನಾಲ್ಕು ದಿನ ಬಿಟ್ಟು ಅದಕ್ಕೊಂದು ಹಲ್ಲಿನ ಚಕ್ರ ತಂದರು. ನಮ್ಮ ಹಿರಿಯ ಅಡುಗೆಯಾಕೆ ಪುಟ್ಟಲಕ್ಷ್ಮಕ್ಕನನ್ನು ಕರೆದು, "ಇದು ಆನೇಕಲ್ ಕಡೆ ಒಂದು ಹೋಟೆಲಲ್ಲಿ ಹನ್ನೆರಡು ವರ್ಷ ದುಡಿದಿದೆ ಕಣಮ್ಮ. ಎಣ್ಣೆ ಕಮ್ಮಿ ಮಾಡ್ಬೇಡ" ಎಂದು, ಸೊಸೆಯನ್ನು ಮನೆ ತುಂಬಿಸುವವರ ಹಾಗೆ ಒಪ್ಪಿಸಿದರು. ಪ್ರತಿ ಸಾಮಾನಿಗೂ ಹೀಗೊಂದು ಪೂರ್ವಚರಿತ್ರೆ ಇರುತ್ತಿತ್ತು. ನಮಗೆ ಬೇಕಿರಲಿ ಬಿಡಲಿ, ಕೇಳಲೇಬೇಕಿತ್ತು.

ಕಾಫಿಯ ವಿಷಯದಲ್ಲೂ ಒಂದು ನೇಮ. ಬಂದ ತಕ್ಷಣ ಕೊಟ್ಟರೆ ಮುಟ್ಟುತ್ತಿರಲಿಲ್ಲ. ಯಂತ್ರ ತಿರುಗಬೇಕು, ಹಬೆ ನಿಲ್ಲಬೇಕು, ಆಮೇಲೆ ಕಾಫಿ. ಒಮ್ಮೆ ಚಪಾತಿ ಮಿಷಿನ್ನು ಮೂರು ದಿನ ಹಟ ಹಿಡಿಯಿತು. ಮೂರು ದಿನವೂ ಬಂದರು, ಮೂರು ದಿನವೂ ಬಾಯಿ ಒಣಗಿಸಿಕೊಂಡೇ ಹೋದರು.

ಆದರೆ ಅವರ ಖ್ಯಾತಿಯೆಲ್ಲ ಇದ್ದದ್ದು ಎಡಗೈ ಹೆಬ್ಬೆರಳಿನ ಉಗುರಿನಲ್ಲಿ. ಅದೊಂದನ್ನು ಮಾತ್ರ ಉದ್ದ ಬಿಟ್ಟು, ಉಪ್ಪುಕಾಗದದಲ್ಲಿ ಉಜ್ಜಿ ಚೂಪಾಗಿ ಇಟ್ಟುಕೊಂಡಿದ್ದರು. ಪೈಪಿನ ತುದಿಯಲ್ಲಿ ತಿರುಪು ಹಾಕಲು ಸುತ್ತುಗಳಿರುತ್ತವಲ್ಲ, ಕಣ್ಣು ಮುಚ್ಚಿ ಅವುಗಳ ಮೇಲೆ ಉಗುರು ಎಳೆದು, ಇಂಚಿಗೆ ಎಷ್ಟು ಸುತ್ತು ಎಂದು ಹೇಳಿಬಿಡುತ್ತಿದ್ದರು. ಸುತ್ತು ಅಳೆಯಲು ಗೇಜು ಎಂಬ ಸಾಧನವಿದೆ. ಬಾಚಣಿಗೆಯಂತೆ ಹಲ್ಲುಗಳಿರುವ ಉಕ್ಕಿನ ಎಲೆಗಳ ಗೊಂಚಲು. ಸರಿಯಾದ ಎಲೆ ಸುತ್ತುಗಳ ಮೇಲೆ ಕೂತರೆ ನಡುವೆ ಬೆಳಕು ಕಾಣಬಾರದು. ಅದು ಅವರ ಚೀಲದಲ್ಲಿ ಬಟ್ಟೆ ಸುತ್ತಿ ಮಲಗಿರುತ್ತಿತ್ತು. ತೆಗೆದದ್ದನ್ನು ನಾನು ಕಂಡಿರಲಿಲ್ಲ.

ಪುಟ್ಟಲಕ್ಷ್ಮಕ್ಕ ಅವರನ್ನು ಬಿಡುತ್ತಿರಲಿಲ್ಲ. "ಅಣ್ಣೋ, ಆ ಉಗ್ರಿಗೆ ಒಸಿ ಬಣ್ಣ ಅಚ್ಲಾ?"

"ಹಚ್ಚಮ್ಮ. ಲೆಕ್ಕ ತಪ್ಪಿದ್ರೆ ನೀನೇ ಜವಾಬ್ದಾರಿ."

ಒಂದು ದಿನ ನನ್ನ ಹೆಬ್ಬೆರಳನ್ನೂ ಎರಡು ಹಿತ್ತಾಳೆ ತುಂಡುಗಳ ಮೇಲೆ ಎಳೆಸಿದರು. ಎರಡೂ ಒಂದೇ ಎಂದೆ. ನಕ್ಕರು. "ಒಂದು ನಮ್ಮ ಕಡೆದು, ಇಂಚಿಗೆ ಹನ್ನೊಂದು ಸುತ್ತು. ಇನ್ನೊಂದು ಅಮೆರಿಕದ್ದು, ಹನ್ನೊಂದೂವರೆ. ಅರ್ಧ ಸುತ್ತಿನ ವ್ಯತ್ಯಾಸ. ಇದನ್ನ ಅದರೊಳಗೆ ಹಾಕಿದ್ರೆ ಮೂರು ಸುತ್ತು ಚೆನ್ನಾಗೇ ಹೋಗುತ್ತೆ, ಬಿಗಿಯಾಯ್ತು ಅನ್ಸುತ್ತೆ. ಹಿಡಿದಿರೋದಿಲ್ಲ, ಹಿಡಿದ ಹಾಗೆ ನಟಿಸ್ತಿರುತ್ತೆ. ಹಬೆಗೆ ಇದು ಗೊತ್ತು, ನಮಗೆ ಗೊತ್ತಾಗಲ್ಲ."

ಅಮೆರಿಕದ ಸುತ್ತಿನವು ಪೀಣ್ಯಕ್ಕೆ ಬಂದದ್ದು ಕಚೇರಿಗಳೆಲ್ಲ ಖಾಲಿಯಾಗಿ ಜನ ಮನೆಯಿಂದ ಕೆಲಸ ಮಾಡುತ್ತಿದ್ದ ಕಾಲದಲ್ಲಿ. ಬೆಳ್ಳಂದೂರು, ವೈಟ್‌ಫೀಲ್ಡ್ ಕಡೆಯ ದೊಡ್ಡ ದೊಡ್ಡ ಕಂಪನಿಗಳ ಅಡುಗೆಮನೆಗಳು ಹಾಗೆಹಾಗೆಯೇ ಗುಜರಿಗೆ ಬಂದವು. ಹೊರದೇಶದ ಒಲೆಗಳು, ಪಾತ್ರೆ ತೊಳೆಯುವ ಯಂತ್ರಗಳು. ಇವರು ಸ್ಕೂಟರಿನ ಮುಂದೆ ಗೋಣಿಚೀಲ ಇಟ್ಟುಕೊಂಡು ವಾರಕ್ಕೆರಡು ಸಲ ಹೋಗಿ ಬಂದರು. ಶೆಡ್ಡಿನಲ್ಲಿ ಎರಡು ಚೀಲ. ಬಿಳಿಯದರಲ್ಲಿ ನಮ್ಮ ಸುತ್ತಿನವು, ನೀಲಿಯದರಲ್ಲಿ ಅಮೆರಿಕದವು. ಬೇರ್ಪಡಿಸಿದ್ದೆಲ್ಲ ಆ ಉಗುರೇ.

ಈಗ ಯೋಚಿಸಿದರೆ ನಮಗೆ ಮೊದಲೇ ತಿಳಿಯಬೇಕಿತ್ತು. ಒಮ್ಮೆ ನಮ್ಮ ಅಡುಗೆಮನೆಯಲ್ಲಿ ಅವರು ಕೂತು ವಾಲ್ವು ಬಿಚ್ಚುತ್ತಿದ್ದಾಗ ಪೈಪಿನಲ್ಲಿ ಉಳಿದಿದ್ದ ಬಿಸಿನೀರು ಅವರ ಪಾದದ ಮೇಲೆ ಸುರಿಯಿತು. ಅವರು ಮಾತಾಡುತ್ತಲೇ ಇದ್ದರು. "ಅಯ್ಯೋ ಅಣ್ಣ, ಕಾಲ್ ನೋಡ್ಕಳಿ" ಎಂದು ಪುಟ್ಟಲಕ್ಷ್ಮಕ್ಕ ಕೂಗಿಕೊಂಡ ಮೇಲೆಯೇ ಅವರು ಕೆಳಗೆ ನೋಡಿದ್ದು. ಪಾದ ಕೆಂಪಾಗಿತ್ತು. "ಟೂಲ್ ರೂಮಿನ ಕಾಲು, ಕಬ್ಬಿಣದ್ದು" ಎಂದು ನಾವು ನಕ್ಕೆವು. ಅವರೂ ನಕ್ಕರು. ಅವರಿಗೆ ಸಕ್ಕರೆ ಕಾಯಿಲೆ ಇತ್ತು. ಅದು ಮೊದಲು ಕಾಲಿನ ಸ್ಪರ್ಶ ತಿನ್ನುತ್ತದೆ, ಆಮೇಲೆ ಕೈಗೆ ಬರುತ್ತದೆ ಎಂಬುದು ನನಗೆ ಗೊತ್ತಿಲ್ಲದ ಸಂಗತಿಯೇನಲ್ಲ. ನಮ್ಮಪ್ಪನಿಗೂ ಹಾಗೆಯೇ ಆಗಿತ್ತು. ಆದರೂ ನಕ್ಕೆ.

ಇನ್ನು ಆ ದಿನದ ಮಾತು. ಇದನ್ನು ಎರಡು ವರ್ಷ ಯಾರಿಗೂ ಹೇಳಿಲ್ಲ.

ಅನ್ನದ ಪಾತ್ರೆಗೆ ಹಬೆ ಹೋಗುವ ಪೈಪಿನ ಜೋಡಣೆ ಸೀಳಿತ್ತು. ಎರಡು ಪೈಪುಗಳನ್ನು ಸೇರಿಸುವ ಒಂದಿಂಚಿನ ಹಿತ್ತಾಳೆ ನಿಪ್ಪಲ್ಲು ಬೇಕಿತ್ತು. ಮಾರನೆಯ ದಿನ ಕಾರ್ಖಾನೆಗೆ ದೊಡ್ಡವರು ಯಾರೋ ಬರುವವರಿದ್ದರು, ಊಟ ಸರಿಯಾದ ಹೊತ್ತಿಗೆ ಆಗಲೇಬೇಕು ಎಂದು ಮೇಲಿನಿಂದ ಅಪ್ಪಣೆಯಾಗಿತ್ತು. ಸಾಯಂಕಾಲ ನಾಲ್ಕಕ್ಕೆ ಅವರು ಬಿಳಿ ಚೀಲದಿಂದ ಒಂದನ್ನು ತಂದರು. ಕಣ್ಣು ಮುಚ್ಚಿ ಉಗುರು ಎಳೆದರು. ಮತ್ತೆ ಎಳೆದರು. ಮೂರನೆಯ ಸಲವೂ ಎಳೆದರು. ಒಂದೇ ಸಲಕ್ಕೆ ಹೇಳುವವರು ಮೂರು ಸಲ ಎಳೆದದ್ದನ್ನು ನಾನು ನೋಡಿದೆ.

"ಮೇಡಂ, ಬೆಳಕು ಸಾಲ್ತಿಲ್ಲ. ಮನೆಗೆ ತಗೊಂಡ್ಹೋಗಿ ಗೇಜ್ ಹಾಕಿ ನೋಡ್ಕೊಂಡು ಬೆಳಗ್ಗೆ ಆರಕ್ಕೆ ತರ್ತೀನಿ" ಎಂದರು. ಗೇಜು ಅವರ ಪಕ್ಕದ ಚೀಲದಲ್ಲೇ ಇತ್ತು. ನನ್ನೆದುರು ಅದನ್ನು ತೆಗೆಯಲು ಅವರಿಗೆ ಮನಸ್ಸಾಗಲಿಲ್ಲ ಎಂದು ಈಗ ಅರ್ಥವಾಗುತ್ತದೆ.

ನಾನು ನಕ್ಕು ಹೇಳಿದೆ, "ನಿಮ್ಮ ಉಗುರಿದ್ದಾಗ ಗೇಜ್ ಯಾಕೆ ಸಾರ್? ಹಾಕ್ಬಿಡಿ. ಬೆಳಗ್ಗೆ ಅಂದ್ರೆ ನನ್ನ ತಲೆ ಹೋಗುತ್ತೆ."

ಬೈದಿದ್ದರೆ ಅವರು ಒಪ್ಪುತ್ತಿರಲಿಲ್ಲ. ಬೈದವರನ್ನು ಅವರು ಎಷ್ಟೋ ಸಲ ಕಾಯಿಸಿದ್ದರು. ನಾನು ಹೊಗಳಿದೆ. ಅಷ್ಟು ಹೊಗಳಿಸಿಕೊಂಡ ಮನುಷ್ಯ ಇನ್ನೇನು ಮಾಡಿಯಾನು? ಹಾಕಿದರು. ಬಿಳಿ ಟೇಪು ಸುತ್ತಿ ಬಿಗಿ ಮಾಡಿದರು, ತಮ್ಮ ಗುರುತಾದ ಮೂರು ಚುಕ್ಕಿಗಳನ್ನು ಪಂಚಿನಲ್ಲಿ ಕುಟ್ಟಿದರು. ಹಬೆ ಬಿಟ್ಟು ನೋಡಿದೆವು, ಒಂದು ಹನಿಯೂ ಸೋರಲಿಲ್ಲ. ಕಾಫಿ ಕುಡಿದು ಹೋದರು.

ದೊಡ್ಡವರು ಬಂದರು, ಉಂಡರು, ಹೋದರು. ಮೂರನೆಯ ದಿನ ಬೆಳಗ್ಗೆ ಹನ್ನೊಂದರ ಹೊತ್ತಿಗೆ ಜೋಡಣೆ ಕಳಚಿಕೊಂಡಿತು. ಪುಟ್ಟಲಕ್ಷ್ಮಕ್ಕನ ಎಡಗೈ ಮುಂಗೈಯಿಂದ ಮೊಣಕೈವರೆಗೆ ಬೆಂದಿತು. ಆಕೆ ಕೂಗಲಿಲ್ಲ, ಪಾತ್ರೆ ಹಿಡಿದುಕೊಂಡು ಹಾಗೆಯೇ ಕೂತುಬಿಟ್ಟಳು. ಆಟೋದಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋಗುವಾಗ, "ಅನ್ನಕ್ಕೆ ಏನ್ ಮಾಡ್ತೀರಿ ಮೇಡಮ್ಮೋರೆ" ಎಂದು ಕೇಳಿದಳು.

ನಾನು ಆಸ್ಪತ್ರೆಯಿಂದ ಮರಳಿದಾಗ ಅವರು ಬಂದಿದ್ದರು. ಕಳಚಿ ಬಿದ್ದ ತುಂಡನ್ನು ಕಿಟಕಿಯ ಬಳಿ ಹಿಡಿದು ಉಗುರು ಎಳೆದರು. "ಹನ್ನೊಂದು" ಎಂದರು. ಆಮೇಲೆ ಚೀಲದಿಂದ ಗೇಜು ತೆಗೆದು, ಬಟ್ಟೆ ಬಿಚ್ಚಿ, ಹನ್ನೊಂದರ ಎಲೆಯನ್ನು ಅದರ ಮೇಲಿಟ್ಟರು. ನಡುವೆ ಬೆಳಕು ಕಂಡಿತು. ಅವರು ಹಿಟ್ಟಿನ ಮೂಟೆಯ ಮೇಲೆ ಕೂತರು. ಬಹಳ ಹೊತ್ತು ಹೆಬ್ಬೆರಳನ್ನೇ ನೋಡಿದರು. "ನನ್ನ ಕೈ ಹೋಗಿದೆ ಮೇಡಂ" ಎಂದರು.

ಕಚೇರಿಗೆ ವರದಿ ಬರೆಯಬೇಕಿತ್ತು. ಅವರ ನಿಜವಾದ ಹೆಸರನ್ನು ನಾನು ಮೊದಲ ಬಾರಿಗೆ ಕೇಳಿ ಬರೆದುಕೊಂಡದ್ದು ಆ ವರದಿಗಾಗಿ. ಬಿಡಿಭಾಗ ಒದಗಿಸಿದವರ ಲೋಪ ಎಂದು ಬರೆದೆ. ಸುಳ್ಳೇನಲ್ಲ. ಅವರು ಗೇಜು ಹಾಕಿ ನೋಡುತ್ತೇನೆ ಎಂದದ್ದನ್ನೂ ನಾನು ಬೇಡವೆಂದದ್ದನ್ನೂ ಬರೆಯಲಿಲ್ಲ, ಅಷ್ಟೆ. ಆತುರಗಾರನಿಗೆ ಬುದ್ಧಿ ಮಟ್ಟ ಎನ್ನುತ್ತಾರೆ. ಅದಕ್ಕಿಂತ ಕೆಟ್ಟದ್ದೆಂದರೆ ಬುದ್ಧಿ ಬಂದ ಮೇಲೂ ಬಾಯಿ ಮುಚ್ಚಿಕೊಂಡಿರುವುದು. ಕೆಲಸ ಹೋದೀತೆಂಬ ಭಯವಿತ್ತು. ಭಯ ಎನ್ನುವುದು ಕಾರಣವೇ ಹೊರತು ಸಮಜಾಯಿಷಿ ಅಲ್ಲ.

ಎರಡು ದಿನದ ಮೇಲೆ ಅವರ ಫೋನು. "ಮೇಡಂ, ಬಿಳಿ ಚೀಲದಿಂದ ಒಂದಿಂಚಿನವು ಒಂಬತ್ತು ಕೊಟ್ಟಿದ್ದೀನಿ. ನಿಮ್ಮದು ಒಂದು. ಇನ್ನು ಎಂಟು ಕಡೆ ಇದೆ. ಯಾವುದು ಯಾವ ಸುತ್ತಿನದು ಅಂತ ನಂಗೊತ್ತಿಲ್ಲ. ಹೋಗಿ ನೋಡ್ಬೇಕು."

ಅವರ ಕಾಲಿಗೆ ಬ್ರೇಕಿನ ಸ್ಪರ್ಶವೂ ತಿಳಿಯುತ್ತಿಲ್ಲ ಎಂದು ಆಗ ಗೊತ್ತಾಯಿತು. ಸ್ಕೂಟರಿನ ಕೀ ಕೊಡಿ ಎಂದು ಗದರಿಸಿ ಅವರ ಮನೆಯವರ ಕೈಗೆ ಕೊಡಿಸಿದೆ. ನನ್ನ ವಾರದ ರಜೆಯ ದಿನಗಳಲ್ಲಿ ನನ್ನ ಸ್ಕೂಟರಿನ ಹಿಂದೆ ಅವರನ್ನು ಕೂರಿಸಿಕೊಂಡು ಹೊರಟೆ. ಪುಣ್ಯದ ಕೆಲಸವೆಂದು ಯಾರೂ ತಿಳಿಯಬೇಡಿ. ಮನೆಯಲ್ಲಿ ಸುಮ್ಮನೆ ಕೂರಲು ಆಗುತ್ತಿರಲಿಲ್ಲ.

ಹೋದ ಕಡೆಯೆಲ್ಲ ಅವರು ಒಂದೇ ಮಾತು ಹೇಳಿದರು. "ನಾನು ಕೊಟ್ಟ ಸಾಮಾನು ತಪ್ಪಿರಬಹುದು. ನನ್ನ ಬೆರಳಿಗೆ ಸ್ಪರ್ಶ ಹೋಗಿದೆ. ಬಿಚ್ಚಿ ನೋಡೋಕೆ ಬಂದಿದ್ದೀನಿ." ಒಂದೇ ಒಂದು ಕಡೆಯೂ ಮಾತನ್ನು ತಿರುಚಲಿಲ್ಲ, ಕಂಪನಿಯ ಮೇಲೆ ಹಾಕಲಿಲ್ಲ, ಗುಜರಿಯವನ ಮೇಲೆ ಹಾಕಲಿಲ್ಲ. ಇಪ್ಪತ್ತು ವರ್ಷ ಕಟ್ಟಿಕೊಂಡ ಹೆಸರನ್ನು ತಾವೇ ಒಂದೊಂದು ಅಡುಗೆಮನೆಯಲ್ಲಿ ಇಳಿಸಿ ಬರುತ್ತಿದ್ದರು. ನಾನು ಪಕ್ಕದಲ್ಲಿ ನಿಂತು ನೆಲ ನೋಡುತ್ತಿದ್ದೆ.

ಎಲೆಕ್ಟ್ರಾನಿಕ್ ಸಿಟಿಯ ಒಂದು ಕ್ಯಾಂಟೀನಿನ ಮ್ಯಾನೇಜರು, "ಏನ್ರೀ ಇದು, ನಾವೇನು ಪ್ರಯೋಗ ಮಾಡೋಕೆ ಇದ್ದೀವಾ?" ಎಂದು ಬಾಯಿಗೆ ಬಂದಂತೆ ಬೈದ. ಇವರು ಬೈಗುಳ ಮುಗಿಯುವ ತನಕ ನಿಂತು, "ಹಬೆ ಬಂದ್ ಮಾಡಿಸ್ತೀರಾ ಸಾರ್?" ಎಂದು ಕೇಳಿದರು. ಇನ್ನೊಂದು ಕಡೆ ಕೆಲಸ ನಿಲ್ಲಿಸಲಾಗುವುದಿಲ್ಲವೆಂದು ಒಳಗೇ ಬಿಡಲಿಲ್ಲ. ಗೇಟಿನ ಪಕ್ಕದ ಕಲ್ಲಿನ ಮೇಲೆ ಕೂತರು. ಊಟದ ಹೊತ್ತು ಮುಗಿದು ಹಬೆ ತಣ್ಣಗಾದ ಮೇಲೆ ಅಲ್ಲಿನ ಅಡುಗೆಯವನೇ ಬಂದು ಕರೆದುಕೊಂಡು ಹೋದ. ಅಲ್ಲಿನದು ತಪ್ಪಿತ್ತು. ಚಂದಾಪುರದ ಹಾಸ್ಟೆಲಿನದೂ ತಪ್ಪಿತ್ತು. ಉಳಿದ ಐದು ಸರಿಯಿದ್ದವು. ಸರಿಯಿದ್ದಾಗ ಅವರು ಒಂದು ಸಲ ತಲೆಯಾಡಿಸಿ, ಮತ್ತೆ ಹಾಕಿ ಬಿಗಿ ಮಾಡುತ್ತಿದ್ದರು. ಆ ದಿನಗಳಲ್ಲಿ ಎಲ್ಲೂ ಕಾಫಿ ಕುಡಿಯಲಿಲ್ಲ.

ಒಂದು ಮಧ್ಯಾಹ್ನ ಪುಟ್ಟಲಕ್ಷ್ಮಕ್ಕನ ಮನೆಗೂ ಹೋದೆವು. ಕೈಗೆ ಕಟ್ಟಿದ ಬಟ್ಟೆ ಬಿಚ್ಚಿಸಿ ನೋಡಿದರು. ಈ ಕೆಲಸ ಇನ್ನು ಬಿಟ್ಟುಬಿಡುತ್ತೇನೆ ಎಂದರು.

"ನೀವು ಬಿಟ್ರೆ ನನ್ ಚರ್ಮ ವಾಪಸ್ ಬತ್ತದಾ ಅಣ್ಣ?" ಎಂದಳು ಆಕೆ. "ಗೇಜೋ ಪಾಜೋ ಅದೇನೈತೋ ಅದ್ನ ಇಟ್ಕಂಡ್ ಮಾಡಿ. ನಿಮ್ಮಂಗೆ ಉಡ್ಕಂಡ್ ತರೋರು ಯಾರವ್ರೆ?"

ಅವರು ಆಕೆಯ ಕಾಲು ಮುಟ್ಟಲು ಬಗ್ಗಿದರು. ಆಕೆ ಗಾಬರಿಯಾಗಿ ಹಿಂದೆ ಸರಿದಳು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ, ಹೊರಗೆ ಬಂದುಬಿಟ್ಟೆ. ಅಲ್ಲಿ ಹೇಳಿಬಿಡಬೇಕಿತ್ತು. ಹೇಳಲಿಲ್ಲ.

ಉಳಿದದ್ದು ಒಂಬತ್ತನೆಯದು. ಬ್ರೂಕ್‌ಫೀಲ್ಡಿನ ಒಂದು ಪಿ.ಜಿ.ಯ ಇಡ್ಲಿ ಪೆಟ್ಟಿಗೆಗೆ ಹಾಕಿದ್ದು. ನಾವು ಹೋಗುವ ಹೊತ್ತಿಗೆ ಪಿ.ಜಿ. ಮುಚ್ಚಿ ಆ ಕಟ್ಟಡದಲ್ಲಿ ಜಿಮ್ ಬಂದಿತ್ತು. ಅಡುಗೆ ಸಾಮಾನೆಲ್ಲ ಗುಜರಿಗೆ ಕೊಟ್ಟೆವು ಎಂದರು. ಗುಜರಿಯವನು ಯಾರಿಗೋ ಮಾರಿದೆ ಎಂದ. ಇಡ್ಲಿ ಪೆಟ್ಟಿಗೆಯ ಬಲಗಡೆ ಒಂದು ತಗ್ಗು ಬಿದ್ದಿದೆ, ಬಾಗಿಲಿನ ಹಿಡಿ ಮರದ್ದು ಎಂದು ಅವರು ಕಂಡಕಂಡವರಿಗೆಲ್ಲ ಹೇಳಿದರು. ಸಿಗಲಿಲ್ಲ. ಅಲ್ಲಿಗೆ ಕಸುಬು ಬಿಟ್ಟರು. ಶೆಡ್ಡು ಖಾಲಿ ಮಾಡಿ, ಎರಡು ಚೀಲಗಳನ್ನೂ ಕರಗಿಸಲು ಕೊಟ್ಟರು. ಗೇಜನ್ನು ನನ್ನ ಕೈಗಿಟ್ಟು, "ಇನ್ನು ಉಗುರು ನಂಬ್ಬೇಡಿ ಮೇಡಂ, ಯಾರದ್ದೂ" ಎಂದರು.

ಆಮೇಲೆ ತಿಂಗಳಿಗೆ ಒಂದೆರಡು ಸಲ ಫೋನು. "ಒಂಬತ್ತನೇದು ಏನಾದ್ರೂ ಕಿವಿಗೆ ಬಿತ್ತಾ ಮೇಡಂ?" ಇಲ್ಲ ಸಾರ್ ಎಂದರೆ, "ಯಾರೋ ಅದರ ಮುಂದೆ ದಿನಾ ನಿಂತ್ಕೋತಾರೆ" ಎನ್ನುತ್ತಿದ್ದರು. ಅಷ್ಟೇ ಮಾತು. ಬರಬರುತ್ತ ನನಗೆ ಅದು ಕಿರಿಕಿರಿಯಾಯಿತು. ಕೆಲವು ಸಲ ಹೆಸರು ನೋಡಿ ಫೋನ್ ಎತ್ತಲಿಲ್ಲ. ಕೊನೆಯ ಸಲವೂ ಎತ್ತಿರಲಿಲ್ಲ.

ಚಂದಾಪುರದ ಮದುವೆ ನನ್ನ ತಂಗಿಯ ನಾದಿನಿಯದು. ಎಲ್ಲಿ ಹೋದರೂ ಅಡುಗೆಮನೆಗೆ ಇಣುಕುವ ಚಾಳಿ ನನ್ನದು. ಇಣುಕಿದರೆ ಮೂಲೆಯಲ್ಲಿ ಇಡ್ಲಿ ಪೆಟ್ಟಿಗೆ. ಬಲಗಡೆ ತಗ್ಗು, ಮರದ ಹಿಡಿ. ಬಗ್ಗಿ ನೋಡಿದೆ. ಹಿತ್ತಾಳೆಯ ಮೇಲೆ ಮೂರು ಚುಕ್ಕಿ. ಅದರೆದುರು ಇಬ್ಬರು ಹೆಂಗಸರು ತಟ್ಟೆ ಎಳೆಯುತ್ತಿದ್ದರು, ಒಬ್ಬಾಕೆ ಬಸುರಿ.

ತಿಂಡಿ ಮುಗಿಯುವವರೆಗೆ ಅವರನ್ನು ಆ ಕಡೆ ನಿಲ್ಲಲು ಬಿಡಲಿಲ್ಲ. ಆಮೇಲೆ ಹಬೆ ನಿಲ್ಲಿಸಿ, ತಣ್ಣಗಾದ ಮೇಲೆ ಸ್ಪ್ಯಾನರ್ ಕೇಳಿದೆ. ಅಡುಗೆ ಮೇಸ್ತ್ರಿ ನನ್ನ ಸೀರೆಯನ್ನು ಮೇಲಿಂದ ಕೆಳಗೆ ನೋಡಿ, "ಮದ್ವೆಗ್ ಬಂದೋರು ಪೈಪ್ ಬಿಚ್ತೀರಾ ಅಕ್ಕ?" ಎಂದ. ಮುಹೂರ್ತಕ್ಕೆ ಇನ್ನೂ ಅರ್ಧ ಗಂಟೆ ಇದೆ, ಕೊಡಪ್ಪ ಎಂದೆ. ಬಿಚ್ಚಿ, ಹಳೆಯ ಟೇಪು ಕೆರೆದು, ಅವರು ಕೊಟ್ಟಂದಿನಿಂದ ಕೈಚೀಲದಲ್ಲೇ ಇಟ್ಟುಕೊಂಡಿರುವ ಗೇಜು ತೆಗೆದೆ. ಹನ್ನೊಂದರ ಎಲೆ ಇಟ್ಟು ಬಾಗಿಲ ಬೆಳಕಿಗೆ ಹಿಡಿದೆ. ಬೆಳಕು ಕಾಣಲಿಲ್ಲ. ಇನ್ನೊಂದು ತುದಿಗೂ ಇಟ್ಟೆ. ಕಾಣಲಿಲ್ಲ. ಸರಿಯಾಗಿಯೇ ಇತ್ತು. ಮತ್ತೆ ಹಾಕಿ, ಬಿಗಿ ಮಾಡಿ, ಹಿಂಬಾಗಿಲಿಗೆ ಬಂದು ಫೋನ್ ಮಾಡಿದೆ.

ಭಾನುವಾರ ಅವರ ಮನೆಗೆ ಹೋದೆ. ಗೋಡೆಯ ಮೇಲಿನ ಫೋಟೋದಲ್ಲಿ ಅದೇ ಇಸ್ತ್ರಿ ಮಾಡಿದ ಶರಟು. ಅವರ ಹೆಂಡತಿ ಕಾಫಿ ತಂದು ಮುಂದಿಟ್ಟರು. ಮುಟ್ಟದೆ ಹೇಳಿದೆ, "ಒಂಬತ್ತನೆಯದು ಸಿಕ್ತಮ್ಮ. ಹನ್ನೊಂದು."

ಅವರು ಸೆರಗು ಹಿಡಿದುಕೊಂಡು ಮುಂದೆ ಬಾಗಿದರು. "ಹನ್ನೊಂದೇನಮ್ಮ? ಹನ್ನೊಂದೂವರೆ ಅಲ್ವಲ್ಲ?"

"ಅಲ್ಲ. ಎರಡೂ ಕಡೆ ನೋಡ್ದೆ."

ಅವರು ಫೋಟೋ ಕಡೆ ತಿರುಗಿ, "ಕೇಳಿಸ್ತಾ ನಿಮಗೆ" ಎಂದರು. ಆಮೇಲೆ ಕಣ್ಣೊರೆಸಿಕೊಂಡು ನನ್ನ ಕಡೆ ನೋಡಿದರು. "ನಿಮ್ಮನ್ನ ತುಂಬ ನೆನೆಸ್ಕೋತಿದ್ರು. ಅವತ್ತು ನೀವು ಬೆಳಗ್ಗೆ ತನಕ ಕಾಯ್ತೀನಿ, ಗೇಜ್ ಹಾಕಿ ನೋಡಿ ಸಾರ್ ಅಂದ್ರಂತೆ. ನಾನೇ ಉಗುರಿನ ಜಂಬದಲ್ಲಿ ಕೇಳ್ಲಿಲ್ಲ, ಆ ಮೇಡಂ ಮಾತು ಕೇಳಿದ್ರೆ ಪುಟ್ಟಲಕ್ಷ್ಮಮ್ಮನ ಕೈ ಉಳೀತಿತ್ತು ಅಂತ ತಮ್ಮನ್ನ ತಾವೇ ಬೈಕೋತಿದ್ರು."

ಇನ್ನು ಸುಮ್ಮನಿದ್ದರೆ ಎಲ್ಲವೂ ನನಗೆ ಅನುಕೂಲವಾಗಿಯೇ ಮುಗಿದುಹೋಗುತ್ತಿತ್ತು. ಅವರು ಹಾಗೆ ಮುಗಿಸಿಟ್ಟು ಹೋಗಿದ್ದರು.

"ಇಲ್ಲಮ್ಮ" ಎಂದೆ. "ಗೇಜ್ ಹಾಕಿ ನೋಡ್ತೀನಿ, ಬೆಳಗ್ಗೆ ತನಕ ಬಿಡಿ ಅಂದವರು ಅವರು. ಬೇಡ, ಹಾಕ್ಬಿಡಿ ಅಂದವಳು ನಾನು."

ಅಮ್ಮ ನನ್ನ ಮುಖವನ್ನೇ ನೋಡಿದರು. ಹೊರಗೆ ತರಕಾರಿ ಗಾಡಿಯವನು ಕೂಗುತ್ತ ಹೋದ. "ಅಷ್ಟು ದಿನ ನಿಮ್ಮ ಗಾಡೀಲಿ ಓಡಾಡಿದ್ರಲ್ಲ, ಒಂದು ಸಲನೂ ನಿಮ್ಮನ್ನ ಅನ್ಲಿಲ್ವಾ?"

"ಒಂದು ಸಲನೂ ಅನ್ಲಿಲ್ಲ."

ಅವರು ಎದ್ದು, ನನ್ನ ಮುಂದಿದ್ದ ಲೋಟ ಮುಟ್ಟಿ ನೋಡಿದರು. "ಆರಿಹೋಗಿದೆ, ಕೊಡಿ" ಎಂದು ತೆಗೆದುಕೊಂಡು ಬಿಸಿ ಮಾಡಲು ಒಳಗೆ ಹೋದರು.